ರಜೆಯ ಮೊದಲ ವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಸೈನಿಕರ ಮನೆಯವರು ಬೇರೆಯವರ ಮಗುವನ್ನು ತಂದು ಸಾಕುತ್ತೇವೆ ಎಂದರೆ ನಮ್ಮ ತುಮಕೂರಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ. "ನಿಮಗೇ ಒಂದು ಕಡೆ ನೆಲೆಯಿಲ್ಲ, ಈ ಉಸಾಬರಿ ಏಕಮ್ಮ?" ನನ್ನ ಅತ್ತೆಯವರು ಕೇಳಿದ್ದೂ ಇದನ್ನೇ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಇನ್ನರ್ಧದ ಬಗ್ಗೆ ಇಂದು ಮಾತನಾಡುತ್ತೇನೆ.

ನಮ್ಮ ಮನೆಯಲ್ಲಿ ಪೋಷಕತ್ವದ ಮೇಲೆ, ಅಂದರೆ ದತ್ತು ಪಡೆಯದೆ ಕೆಲವು ಕಾಲ ಸಾಕಲೆಂದು ಒಪ್ಪಿಸಿದ, ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ ಇದ್ದಾಳೆ. ಅವಳ ಹೆಸರನ್ನಾಗಲಿ, ಊರನ್ನಾಗಲಿ, ಇಲ್ಲಿಗೆ ಬಂದ ಕಾರಣವನ್ನಾಗಲಿ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಯುಗಾದಿಗೆ ಬಂದ ನೆಂಟರು ಮೊಬೈಲ್ ಎತ್ತಿದರೆ ನಾನೇ ಅಡ್ಡ ನಿಲ್ಲುತ್ತೇನೆ. ಮುನಿಸಿಕೊಂಡವರಿದ್ದಾರೆ, ಇರಲಿ.

ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ದೊಡ್ಡವರಾಗುವುದನ್ನು ಕಂಡ ಜಿಲ್ಲೆ ನಮ್ಮದು. ಹೆತ್ತವರಿಂದ ದೂರವಿದ್ದು ಮಕ್ಕಳು ಬೆಳೆಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಒಂದೇ ಮಗು ಒಂದು ಮನೆಗೆ ಬಂದರೆ ಪ್ರಶ್ನೆಗಳು ಏಳುತ್ತವೆ: ಯಾರ ಮಗು, ಯಾವ ಜಾತಿ, ನಾಳೆ ಹೆತ್ತವರು ಬಂದು ಕೇಳಿದರೆ? ಮೊದಲ ಎರಡಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಂಡಿಲ್ಲ. ಮೂರನೆಯದಕ್ಕೆ ಉತ್ತರ ಸರಳ. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ, ಮಕ್ಕಳ ಕಲ್ಯಾಣ ಸಮಿತಿ ಒಪ್ಪಿದರೆ, ಮಗು ಹೊರಡುತ್ತದೆ. ದತ್ತು ಬೇರೆ, ಪೋಷಕತ್ವ ಬೇರೆ. ಇಲ್ಲಿ ಮಗುವಿನ ಇನಿಷಿಯಲ್ ಬದಲಾಗುವುದಿಲ್ಲ. ಕೆಲವು ಕಾಲ ಮಗುವಿಗೆ ಮನೆ, ಊಟ, ಓದು, ಔಷಧಿ, ಬೈಗುಳ, ಮುದ್ದು ಎಲ್ಲವನ್ನೂ ಕೊಡುವವರು ನಾವು. ಅದಕ್ಕೆ ಮಕ್ಕಳ ರಕ್ಷಣೆಗಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4000 ರೂಪಾಯಿ ನೆರವು ಇದೆ. ಆ ಹಣದ ಮೇಲೆ ಕಣ್ಣಿಟ್ಟು ಬರುವವರು ಬಾರದಿರುವುದೇ ಮೇಲು. ಬೆಳೆಯುವ ಮಗುವಿನ ಖರ್ಚು ಅದಕ್ಕಿಂತ ಹೆಚ್ಚು.

ಮಗುವನ್ನು ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದು. ಅದಕ್ಕೂ ಮುನ್ನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬರುತ್ತಾರೆ. ಆದಾಯ, ಆರೋಗ್ಯ, ಪೊಲೀಸ್ ಪರಿಶೀಲನೆ ಎಲ್ಲವೂ ಆಗುತ್ತದೆ. ಮಗು ಬಂದ ಮೇಲೂ ಪ್ರತಿ ತಿಂಗಳು ತಪಾಸಣೆ ನಡೆಯಬೇಕೆಂದು ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತದೆ. ಇದನ್ನು ಕೇಳಿದ ಪರಿಚಿತರೊಬ್ಬರು, ಸರ್ಕಾರದವರು ಬಂದು ನಮ್ಮ ಅಡುಗೆಮನೆ ನೋಡುವುದೇ ಎಂದು ಹಿಂದೆ ಸರಿದರು. ನನಗೆ ನಗು ಬಂತು. ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಿಗೆ ಇನ್‌ಸ್ಪೆಕ್ಷನ್ ಎಂದರೆ ಭಯವೇ? ಮನೆ ಖಾಲಿ ಮಾಡುವಾಗ ಬಲ್ಬು, ಫ್ಯಾನು, ನಲ್ಲಿಗಳನ್ನೂ ಎಣಿಸಿ ಒಪ್ಪಿಸಿ ಬಂದವರು ನಾವು.

ಈಗ ಅತ್ತೆಯವರ ಮಾತಿನ ನಿಜವಾದ ಅರ್ಧಕ್ಕೆ ಬರುತ್ತೇನೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ಕುಟುಂಬ ಟ್ರಂಕು ಕಟ್ಟಿದ ಹಾಗೆ ಈ ಮಗುವನ್ನೂ ಕಟ್ಟಿಕೊಂಡು ಹೊರಡುವಂತಿಲ್ಲ. ಮಗು ಇರುವುದು ಸಮಿತಿಯ ಆದೇಶದ ಮೇಲೆ. ಊರು ಬದಲಿಸುವುದಾದರೆ ಮೊದಲೇ ಅವರ ಮುಂದೆ ಹೇಳಿ ಒಪ್ಪಿಗೆ ಪಡೆಯಬೇಕು. ಹೆತ್ತ ತಾಯಿ ಶಿರಾದಲ್ಲೋ ಪಾವಗಡದಲ್ಲೋ ಇದ್ದು ಆಗಾಗ ಮಗಳನ್ನು ನೋಡಲು ಬರುತ್ತಿದ್ದರೆ, ಆ ಮಗಳನ್ನು ಪಠಾಣ್‌ಕೋಟ್‌ಗೆ ಕರೆದೊಯ್ಯುವುದು ಯಾವ ನ್ಯಾಯ? ಆದ್ದರಿಂದ ಗಂಡನೊಂದಿಗೆ ಊರೂರು ಸುತ್ತುವ ವರ್ಷಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಗಂಡ ಕುಟುಂಬ ಜೊತೆಗಿರಲಾಗದ ಫೀಲ್ಡ್ ಪೋಸ್ಟಿಂಗ್‌ನಲ್ಲಿದ್ದು ಹೆಂಡತಿ ಊರಿನಲ್ಲೇ ನೆಲೆಸಿರುವ ಕಾಲ ಬೇರೆ. ಪಿಂಚಣಿಯ ಕಾಲ ಇನ್ನೂ ಒಳ್ಳೆಯದು. ನಮ್ಮ ಜವಾನರಲ್ಲಿ ಎಷ್ಟೋ ಮಂದಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬರುತ್ತಾರೆ. ಮೈಯಲ್ಲಿ ಕಸುವಿದೆ, ಪಿಂಚಣಿ ಇದೆ, ಬೆಳಿಗ್ಗೆ ಐದಕ್ಕೆ ಏಳುವ ರೂಢಿ ಇದೆ. ಅವರಲ್ಲಿ ಹೆಚ್ಚಿನವರು ಹುಡುಕುವುದು ಸೆಕ್ಯೂರಿಟಿ ಕೆಲಸ!

ನಮ್ಮವರು ಇನ್ನೂ ಸೇವೆಯಲ್ಲಿದ್ದಾರೆ. ಮಗು ಬಂದ ಮೇಲೆ ಅವರು ಮೊದಲ ಸಲ ರಜೆ ಮುಗಿಸಿ ಹೊರಟ ದಿನ ಹುಡುಗಿ ಕೋಣೆಯಿಂದ ಹೊರಗೆ ಬರಲಿಲ್ಲ. ಕರೆದರೂ ಇಲ್ಲ. ಅವಳು ಕಂಡಂತೆ ಮನೆ ಬಿಟ್ಟು ಹೋದವರು ಯಾರೂ ಮರಳಿರಲಿಲ್ಲ. ನನ್ನ ಸ್ವಂತ ಮಕ್ಕಳಿಗೆ ಅಪ್ಪ ಹೋಗುವುದು, ಬರುವುದು ಮಳೆ ಬಿಸಿಲಿನಷ್ಟೇ ಸಹಜ. ಇವಳಿಗೆ ಅದನ್ನು ಬಾಯಿಮಾತಿನಲ್ಲಿ ನಂಬಿಸಲಾಗಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ರಜೆಯ ತಿಂಗಳಿಗೆ ಕೆಂಪು ಗೆರೆ ಎಳೆದೆವು. ನೆಟ್‌ವರ್ಕ್ ಸಿಗದ ಜಾಗದಲ್ಲಿದ್ದರೆ ಫೋನ್ ಬರುವುದಿಲ್ಲ ಎಂದು ಮೊದಲೇ ಹೇಳಿಟ್ಟೆವು. ಸುಳ್ಳು ದಿನಾಂಕ ಮಾತ್ರ ಹೇಳಲಿಲ್ಲ. ಅವರು ಮತ್ತೆ ಬಂದಾಗ ಗೇಟಿನವರೆಗೆ ಓಡಿಹೋದಳು. ಅಷ್ಟು ದೂರ ಹೋಗಿ ನಾಚಿಕೊಂಡು, ಏನೂ ಆಗಿಲ್ಲವೆಂಬಂತೆ ಚಪ್ಪಲಿ ಜೋಡಿಸುತ್ತಾ ನಿಂತಳು.

ಆ ರಜೆಯಲ್ಲೇ ಅವರು ಅವಳಿಗೊಂದು ಕಪ್ಪು ಕಬ್ಬಿಣದ ಟ್ರಂಕು ತಂದರು. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದಿದೆ, ಮೇಲೆ ಬಿಳಿ ಪೇಂಟಿನಲ್ಲಿ ಹೆಸರು. ಇವಳ ಹೆಸರನ್ನೂ ಬರೆದರು, ಅವಳದೇ ಇನಿಷಿಯಲ್ ಸೇರಿಸಿ. ಪೇಂಟು ಒಣಗುವವರೆಗೂ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು: "ನಾನು ಹೋಗುವಾಗ ಇದನ್ನು ಇಲ್ಲೇ ಬಿಡಬೇಕಾ?" "ಇಲ್ಲ ಕಣಮ್ಮ, ಅದು ನಿನ್ನದು, ನಿನ್ನ ಜೊತೆ ಬರುತ್ತದೆ" ಎಂದರು ನಮ್ಮವರು. ಎರಡನೆಯ ಮುದ್ದೆ ಬೇಡವೆನ್ನುತ್ತಿದ್ದವಳು ಅಂದು ಹಾಕಿಸಿಕೊಂಡಳು.

ಕಳಿಸಿಕೊಡುವುದು ನಮಗೆ ಅಭ್ಯಾಸವಾಗಿದೆ ಎಂದಮಾತ್ರಕ್ಕೆ ಅದು ಸುಲಭ ಎಂದಲ್ಲ. ರೈಲು ಹೊರಟ ಮೇಲೆ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವುದು ಹೇಗೆಂದು ಗೊತ್ತಿದೆ, ಅಷ್ಟೇ. ಪೋಷಕತ್ವಕ್ಕೆ ಬೇಕಾದ ಗಟ್ಟಿತನ ಬಹುತೇಕ ಅದೇ.

2024ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದ ಮೇಲೆ ಮದುವೆಯಾಗದವರು, ಸಂಗಾತಿಯನ್ನು ಕಳೆದುಕೊಂಡವರು, ವಿಚ್ಛೇದಿತರು ಕೂಡ ಅರ್ಜಿ ಹಾಕಬಹುದು. ಒಂಟಿ ಪುರುಷನಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ. ಹುತಾತ್ಮರ ಪತ್ನಿಯರು ಕೇಳುತ್ತಿದ್ದರೆ ಇದನ್ನು ಗಮನಿಸಿ, ದಾರಿ ನಿಮಗೂ ತೆರೆದಿದೆ. ಮಗುವನ್ನು ದತ್ತು ಪಡೆಯಲು ಕಾನೂನಿನಲ್ಲಿ ಅವಕಾಶವಿದ್ದರೆ, ಸಾಕಿದವರು ಹಿಂದಿನಂತೆ ಐದು ವರ್ಷ ಕಾಯಬೇಕಿಲ್ಲ, ಎರಡು ವರ್ಷ ಸಾಕು.

ಸೇವೆಯಲ್ಲಿರುವವರಿಗೆ ಕೊನೆಯದಾಗಿ ಒಂದು ಮಾತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಗಂಡ ಹೆಂಡತಿ ಒಟ್ಟಿಗೇ ಹೋಗಿ, ಅದೂ ರಜೆಯ ಮೊದಲ ವಾರದಲ್ಲಿ. ಮನೆ ನೋಡಲು ಬರುವವರು ಇಬ್ಬರೊಡನೆಯೂ ಕುಳಿತು ಮಾತನಾಡಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅವರು ಬರುವಷ್ಟರಲ್ಲಿ ನೀವು ರೈಲಿನಲ್ಲಿರುತ್ತೀರಿ. ನಮಸ್ಕಾರ.