ತಟ್ಟೆಗೆ ಬರುವ ಮುಂಚಿನ ಬದುಕು

ಕೇಳುಗರೇ, ನಮಸ್ಕಾರ.

ಮಾಂಸ ತಿನ್ನಬಹುದೋ, ತಿನ್ನಬಾರದೋ? ಈ ಮಾತು ಎದ್ದರೆ ಸಾಕು, ಕೂತವರು ಎರಡು ಬಣವಾಗುತ್ತಾರೆ. ಒಬ್ಬರು ಪಾಪ ಎನ್ನುತ್ತಾರೆ. ಇನ್ನೊಬ್ಬರು ‘ಹುಲಿ ಜಿಂಕೆ ತಿನ್ನಲ್ವಾ?’ ಎನ್ನುತ್ತಾರೆ. ಆಮೇಲೆ ಯಾರು ಮೇಲು, ಯಾರು ಕೀಳು ಎಂಬ ಜಗಳ. ಕೋಳಿ, ಹಂದಿ, ಕುರಿಗಳ ಸುದ್ದಿಯೇ ಅಲ್ಲಿ ಇರುವುದಿಲ್ಲ.

ಹುಲಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಹುಲಿಗೆ ಬೇರೆ ದಾರಿ ಇಲ್ಲ, ನಮ್ಮಲ್ಲಿ ಬಹಳಷ್ಟು ಜನಕ್ಕೆ ಇದೆ. ಅದೂ ಅಲ್ಲದೆ, ಹುಲಿ ಜಿಂಕೆಯನ್ನು ಹುಟ್ಟಿದಂದಿನಿಂದ ಕೂಡಿಹಾಕಿ ಬೆಳೆಸುವುದಿಲ್ಲ. ಹುಲಿ ಮೇಲೆ ಬೀಳುವ ತನಕ ಜಿಂಕೆ ತನ್ನ ಪಾಡಿಗೆ ಮೇಯ್ದುಕೊಂಡು, ಜಿಗಿದುಕೊಂಡು ಇರುತ್ತದೆ.

ನನಗೆ ದೊಡ್ಡದಾಗಿ ಕಾಣುವುದು ಇದೇ. ಪ್ರಾಣಿಯನ್ನು ಕೊಂದೆವು ಎಂಬುದಕ್ಕಿಂತ, ಕೊಲ್ಲುವ ತನಕ ಅದನ್ನು ಹೇಗೆ ಇಟ್ಟಿದ್ದೆವು ಎಂಬುದು. ಪ್ರಪಂಚದಲ್ಲಿ ವರ್ಷಕ್ಕೆ 7,000 ಕೋಟಿಗೂ ಜಾಸ್ತಿ ಕೋಳಿಗಳು ಮಾಂಸಕ್ಕಾಗಿ ಸಾಯುತ್ತವೆ. ಸುಮ್ನೆ ಬಿಟ್ಟರೆ ಐದಾರು ವರ್ಷ ಬದುಕಬಲ್ಲ ಪಕ್ಷಿ ಅದು. ಬ್ರಾಯ್ಲರ್ ಕೋಳಿಗೆ ಸಿಗುವುದು ಆರೇಳು ವಾರ. ಎದೆಯ ಮಾಂಸ ಬೇಗ ತುಂಬಲಿ ಎಂದು ತಳಿಯನ್ನೇ ಬದಲಿಸಿದ್ದೇವೆ. ಮೈ ಬೆಳೆಯುವ ವೇಗಕ್ಕೆ ಕಾಲು ಬಲಿಯುವುದಿಲ್ಲ. ಎಷ್ಟೋ ಕೋಳಿಗಳು ಕೊನೆಯ ದಿನಗಳಲ್ಲಿ ಕುಂಟುತ್ತವೆ, ಇಲ್ಲವೇ ಕೂತಲ್ಲೇ ಕೂತಿರುತ್ತವೆ.

ಮೊಟ್ಟೆ ಕೋಳಿಯ ಕಥೆ ಬೇರೆ. ಸಾಲು ಪಂಜರದಲ್ಲಿ ಒಂದೊಂದಕ್ಕೆ ಸಿಗುವ ಜಾಗ ನಾವು ಅರ್ಜಿ ಬರೆಯುವ ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚುವ ಹಾಗಿಲ್ಲ. ಮಣ್ಣಿನಲ್ಲಿ ಹೊರಳಿ ಮೈ ಕೊಡವಿಕೊಳ್ಳುವುದು ಕೋಳಿಯ ಹುಟ್ಟುಗುಣ. ಅದಕ್ಕೆ ಅಲ್ಲಿ ಮಣ್ಣೇ ಇಲ್ಲ.

1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಬಗ್ಗೆ ಒಂದು ವರದಿ ಕೊಟ್ಟಿತು. ಏಳಲು, ಮಲಗಲು, ಸುತ್ತ ತಿರುಗಲು, ಮೈ ಸವರಿಕೊಳ್ಳಲು, ಕಾಲು ಚಾಚಲು ಪ್ರಾಣಿಗೆ ಜಾಗ ಇರಬೇಕು ಎಂದಿತು. ಎಷ್ಟು ಸಣ್ಣ ಬೇಡಿಕೆ ನೋಡಿ! ಯುರೋಪಿಯನ್ ಒಕ್ಕೂಟದಲ್ಲಿ ಹಳೆಯ ಮಾದರಿಯ ಬರೀ ತಂತಿ ಪಂಜರಕ್ಕೆ ನಿಷೇಧ ಬಂದಿದ್ದು 2012ರಲ್ಲಿ. ಅಷ್ಟಕ್ಕೇ ನಲವತ್ತೇಳು ವರ್ಷ ಹಿಡಿಯಿತು.

ಮಾಂಸ ಮುಟ್ಟದವರು ಇಲ್ಲಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಅವು ಎಲ್ಲಿಗೆ ಹೋಗುತ್ತವೆ ಎಂದು ಹಾಲು ಕುಡಿಯುವವರು ಕೇಳುವುದು ಕಡಿಮೆ. ಮೊಟ್ಟೆ ತಳಿಯ ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಲಾಭ ತರುವುದಿಲ್ಲ. ಹೆಚ್ಚಿನ ಕಡೆ ಹುಟ್ಟಿದ ದಿನವೇ ಕೊಂದುಬಿಡುತ್ತಾರೆ. ಜರ್ಮನಿ ಇದನ್ನು 2022ರಿಂದ ನಿಲ್ಲಿಸಿತು.

ಹಾಗಾದರೆ ತಿನ್ನುವವರು ಪ್ರಾಣಿಗೆ ಗೌರವ ಕೊಡಲು ಸಾಧ್ಯವೇ ಇಲ್ಲವೇ? ಇದೆ ಅಂತ ತೋರಿಸಿದವರು ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರಾಂಡಿನ್. ದನಗಳು ಕಸಾಯಿಖಾನೆಯ ದಾರಿಯಲ್ಲಿ ಯಾಕೆ ಬೆದರುತ್ತವೆ ಎಂದು ಅವರು ದನದ ಕಣ್ಣಿನಿಂದಲೇ ನೋಡಿದರು. ತೂಗಾಡುವ ಒಂದು ಸರಪಳಿ, ನೆಲದ ಮೇಲಿನ ನೆರಳು, ನೀರಿನ ಹೊಳಪು, ಇಷ್ಟು ಸಾಕು ಅವು ನಿಂತುಬಿಡಲು. ಅವನ್ನೆಲ್ಲ ತೆಗೆಸಿದರು, ಬಳಸಿಕೊಂಡು ಹೋಗುವ ದಾರಿ ಕಟ್ಟಿಸಿದರು. ಹೊಡೆತ, ಕಿರುಚಾಟ ಕಡಿಮೆಯಾಯಿತು. ಇದು ಕೊಲೆಗೆ ಬಣ್ಣ ಬಳಿದ ಹಾಗೆ ಎಂದು ಟೀಕಿಸುವವರಿದ್ದಾರೆ. ಇರಲಿ. ಆದರೆ ನಾಳೆ ಬೆಳಿಗ್ಗೆಯೇ ಎಲ್ಲರೂ ಮಾಂಸ ಬಿಡುವುದಿಲ್ಲವಲ್ಲ. ಅಲ್ಲಿಯ ತನಕ ಆ ದಾರಿಯಲ್ಲಿ ನಡೆಯುವ ದನಕ್ಕೆ ಭಯ ಕಡಿಮೆಯಾದರೆ ಅದು ಸಣ್ಣ ಮಾತಲ್ಲ.

ಏನೂ ಬೆಳೆಯದ ಹಿಮದ ನಾಡಿನವರನ್ನು ನಾನು ಪ್ರಶ್ನಿಸುವುದಿಲ್ಲ. ಅಂಗಡಿಯಲ್ಲಿ ಆರಿಸಿ ಕೊಳ್ಳುವವರ ಮಾತೇ ಬೇರೆ. ಅಗ್ಗದ ಮಾಂಸ ಅಗ್ಗವಾಗಿರುವುದು ಜಾಗ, ಗಾಳಿ, ಬಿಸಿಲು, ಸಮಯ ಎಲ್ಲವನ್ನೂ ಪ್ರಾಣಿಯಿಂದ ಕಿತ್ತುಕೊಂಡಿದ್ದರಿಂದ. ಕಡಿಮೆ ತಿಂದು, ಚೆನ್ನಾಗಿ ಸಾಕಿದ್ದಕ್ಕೆ ಜಾಸ್ತಿ ದುಡ್ಡು ಕೊಡುವುದು ಅಷ್ಟೇನೂ ಕಷ್ಟವಲ್ಲ.

ಇನ್ನು ಮೀನು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟ್ರೌಟ್ ಮೀನಿನ ತುಟಿಗೆ ಉರಿಯುವ ಆಮ್ಲ ಚುಚ್ಚಿದರು. ಅದು ತಿನ್ನುವುದನ್ನು ಬಿಟ್ಟಿತು, ತುಟಿಯನ್ನು ತೊಟ್ಟಿಯ ಹರಳುಗಳಿಗೆ ಉಜ್ಜತೊಡಗಿತು. ಆದರೂ ಬಲೆಗೆ ಬಿದ್ದ ಮೀನುಗಳಲ್ಲಿ ಬಹುಪಾಲು ಇವತ್ತಿಗೂ ಉಸಿರು ಕಟ್ಟಿಯೋ, ಒಂದರಡಿ ಒಂದು ಸಿಕ್ಕಿ ನಜ್ಜುಗುಜ್ಜಾಗಿಯೋ ಸಾಯುತ್ತವೆ. ಕೋಳಿಗಾದರೆ ತಲೆ ಲೆಕ್ಕವಿದೆ. ಮೀನನ್ನು ಸರ್ಕಾರಗಳು ಟನ್ನಿನಲ್ಲಿ ಬರೆದುಕೊಳ್ಳುತ್ತವೆ.

ನಮಸ್ಕಾರ.