ಮರಿಗಳನ್ನು ಹಿಡಿದು ತಾಯಂದಿರನ್ನು ಎಣಿಸುವುದು

ನಮಸ್ಕಾರ. ಒಣಗಿದ ಒಂದು ಈಜುರೆಕ್ಕೆಯಿಂದ ಮಾತು ಆರಂಭಿಸುತ್ತೇನೆ. ಅಂಗೈಯಗಲದ್ದು, ಬೂದು ಬಣ್ಣ, ಅಂಚು ಸುರುಟಿಕೊಂಡಿದೆ. ಹಿಂದಿನಿಂದ ಮುಂದಕ್ಕೆ ಸವರಿದರೆ ಮರಳುಕಾಗದದಂತೆ ಬೆರಳನ್ನು ತರಿಯುತ್ತದೆ. ತಲೆ ಇಲ್ಲ, ಹಲ್ಲು ಇಲ್ಲ, ಹಿಡಿದವನ ಊರು ಹೆಸರು ಇಲ್ಲ. ಇದು ಯಾವ ಶಾರ್ಕಿನದು ಎಂಬ ಪ್ರಶ್ನೆಗೆ ಡಿಎನ್‌ಎ ಇಂದು ಸಲೀಸಾಗಿ ಉತ್ತರ ಹೇಳುತ್ತದೆ. 2013ರಲ್ಲಿ ಸುತ್ತಿಗೆ ತಲೆಯ ಮೂರು ಶಾರ್ಕುಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಂಕುಶ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿ ಸೇರಿದ ಮೇಲಂತೂ ಬಂದರುಗಳ ತಪಾಸಣೆಗೆ ಈ ಉತ್ತರ ಬೇಕೇ ಬೇಕು. ನನ್ನ ಕುತೂಹಲ ಎರಡನೆಯ ಪ್ರಶ್ನೆಯ ಮೇಲೆ: ಇದು ಯಾವ ಕಡಲಿನದು?

ಹಾಂಗ್‌ಕಾಂಗ್ ಮಾರುಕಟ್ಟೆಯಿಂದ ಬಂದ 62 ರೆಕ್ಕೆಗಳಿಗೆ ಸಂಶೋಧಕರು ಇದೇ ಪ್ರಶ್ನೆ ಕೇಳಿದರು. ಎಲ್ಲವೂ ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್ ಎಂಬ ಒಂದೇ ಜಾತಿಯವು. 2009ರಲ್ಲಿ ಪ್ರಕಟವಾದ ಉತ್ತರದ ಪ್ರಕಾರ, ಅವುಗಳಲ್ಲಿ ಶೇಕಡಾ 21ರಷ್ಟು ಪಶ್ಚಿಮ ಅಟ್ಲಾಂಟಿಕ್‌ನಿಂದ, ಅಂದರೆ ಭೂಮಿಯ ಮತ್ತೊಂದು ಬದಿಯಿಂದ ಬಂದಿದ್ದವು. ಇದನ್ನು ಹೇಳಿದ್ದು ಮೈಟೋಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ, ತಂದೆಯ ಪಾಲು ಅದರಲ್ಲಿಲ್ಲ. ತಾಯಂದಿರು ತಲೆತಲಾಂತರದಿಂದ ಒಂದೇ ಕರಾವಳಿಗೆ ಅಂಟಿಕೊಂಡಿದ್ದರೆ, ಆ ಕರಾವಳಿಯ ಗುರುತು ಮರಿಗಳಲ್ಲಿ ಉಳಿಯುತ್ತದೆ.

ಹೆಣ್ಣುಗಳು ನಿಜವಾಗಿಯೂ ಹಾಗೆ ಅಂಟಿಕೊಳ್ಳುತ್ತವೆಯೇ? ಬಹಾಮಾಸ್‌ನ ಬಿಮಿನಿ ದ್ವೀಪದ ಲೆಮನ್ ಶಾರ್ಕುಗಳು ಹೌದು ಎನ್ನುತ್ತವೆ. ಅಲ್ಲಿ 1995ರಿಂದ ವರ್ಷವರ್ಷವೂ ಮರಿಗಳನ್ನು ಹಿಡಿದು, ರೆಕ್ಕೆಯ ಚೂರು ಕತ್ತರಿಸಿಕೊಂಡು, ಮತ್ತೆ ನೀರಿಗೆ ಬಿಡುತ್ತ ಬಂದರು. ವಂಶಾವಳಿ ಬರೆಯುತ್ತ ಹೋದಂತೆ, 1990ರ ದಶಕದಲ್ಲಿ ಅಲ್ಲೇ ಹುಟ್ಟಿದ ಕೆಲವು ಹೆಣ್ಣುಗಳು 14ರಿಂದ 17 ವರ್ಷಗಳ ನಂತರ ಮರಿ ಹಾಕಲು ಅದೇ ನೀರಿಗೆ ಮರಳಿದ್ದು ತಿಳಿಯಿತು. ಹೆರಿಗೆಗೆ ತವರಿಗೇ ಬಂದಿದ್ದವು ಎನ್ನಿ. ಇಂಥ ಫಲಿತಾಂಶಕ್ಕೆ ಬುದ್ಧಿವಂತಿಕೆಗಿಂತ ತಾಳ್ಮೆ ಹೆಚ್ಚು ಬೇಕು.

ಬಿಳಿ ಶಾರ್ಕಿನ ಕಥೆ ಇಷ್ಟು ನೇರವಾಗಿಲ್ಲ. 2001ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿ ಶಾರ್ಕುಗಳನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವುಗಳ ಜೊತೆ ಹೋಲಿಸಿ ನೋಡಿದರು. ತಾಯಿಯ ಕಡೆಯ ಡಿಎನ್‌ಎ ಸ್ಪಷ್ಟವಾಗಿ ಬೇರೆಬೇರೆ. ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಗಂಡುಗಳು ಸಾಗರ ದಾಟುತ್ತವೆ, ಹೆಣ್ಣುಗಳು ಮನೆಯಲ್ಲಿರುತ್ತವೆ ಎಂದು ಅರ್ಥ ಮಾಡಿದರು. 2003ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಬಳಿ ಉಪಗ್ರಹ ಪಟ್ಟಿ ಹಾಕಿಸಿಕೊಂಡ ನಿಕೋಲ್ ಎಂಬ ಹೆಣ್ಣು ಶಾರ್ಕ್‌ಗೆ ಈ ವಿಷಯ ಯಾರೂ ತಿಳಿಸಿರಲಿಲ್ಲವೇನೋ! ಅದು ನೆಟ್ಟಗೆ ಆಸ್ಟ್ರೇಲಿಯಾಕ್ಕೆ ಹೋಗಿ, ಒಂಬತ್ತು ತಿಂಗಳೊಳಗೆ ಹೊರಟ ಜಾಗಕ್ಕೇ ವಾಪಸಾಯಿತು. ಒಟ್ಟು 20,000 ಕಿಲೋಮೀಟರಿಗೂ ಹೆಚ್ಚು ಪ್ರಯಾಣ. ಸಿದ್ಧಾಂತ ಸುಳ್ಳಾಯಿತೇ? ಇಲ್ಲ, ದೂರ ಹೋಗುವುದು ಬೇರೆ, ಅಲ್ಲಿ ಮರಿ ಹಾಕುವುದು ಬೇರೆ. ವಂಶವಾಹಿಗಳಿಗೆ ಎರಡನೆಯದಷ್ಟೇ ಲೆಕ್ಕ. ಹಾಗೆಂದು ಈ ವಿವರಣೆಯೇ ಕೊನೆಯ ಮಾತಲ್ಲ. ಪೂರ್ಣ ಜೀನೋಮ್‌ಗಳನ್ನು, ಅಂದರೆ ಪ್ರಾಣಿಯ ಇಡೀ ಡಿಎನ್‌ಎಯನ್ನು, ಓದಿದ 2025ರ ಒಂದು ಅಧ್ಯಯನ, ಹೆಣ್ಣುಗಳ ತವರುಪ್ರೀತಿಯೊಂದರಿಂದಲೇ ಈ ವ್ಯತ್ಯಾಸ ಹುಟ್ಟಲಾರದು ಎಂದು ವಾದಿಸಿದೆ. ಇಪ್ಪತ್ತು ವರ್ಷ ಪಾಠ ಮಾಡಿದ ವಿಷಯವನ್ನು ತಿದ್ದಿಕೊಳ್ಳುವುದು ನನ್ನಂಥವರಿಗೆ ಸ್ವಲ್ಪ ಕಷ್ಟವೇ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಎರಡು ಕಡೆಯ ಶಾರ್ಕುಗಳ ಡಿಎನ್‌ಎಯಲ್ಲಿ ವ್ಯತ್ಯಾಸ ಕಂಡರೆ ಅವು ಬೇರೆ ಬಳಗಗಳು, ಸರಿ. ವ್ಯತ್ಯಾಸ ಕಾಣದಿದ್ದರೆ? ಒಂದೇ ಬಳಗ, ಇಲ್ಲಿ ಖಾಲಿಯಾದರೆ ಅಲ್ಲಿಂದ ಬಂದು ತುಂಬಿಕೊಳ್ಳುತ್ತದೆ ಎಂದು ಮೀನುಗಾರಿಕೆಯ ಕೋಟಾ ನಿಗದಿ ಮಾಡುವವರು ಸಮಾಧಾನಪಟ್ಟುಕೊಳ್ಳುವುದುಂಟು. ಅಪಾಯ ಇರುವುದೇ ಇಲ್ಲಿ. ಎರಡು ಬಳಗಗಳು ತಳಿಯಲ್ಲಿ ತೀರ ದೂರವಾಗದಂತೆ ತಡೆಯಲು, ಒಂದು ತಲೆಮಾರಿಗೆ ಒಂದು ವಲಸಿಗ ಬಂದು ಕೂಡಿದರೂ ಹೆಚ್ಚುಕಡಿಮೆ ಸಾಕು ಎನ್ನುವುದು ನಮ್ಮ ಶಾಸ್ತ್ರದ ಹಳೆಯ ಲೆಕ್ಕ. ವಾಯವ್ಯ ಅಟ್ಲಾಂಟಿಕ್‌ನ ಹೆಣ್ಣು ಬಿಳಿ ಶಾರ್ಕ್ ಪ್ರಾಯಕ್ಕೆ ಬರುವುದು ಸುಮಾರು 33ನೆಯ ವರ್ಷದಲ್ಲಿ. ಹಾಗಾದರೆ ಮೂರು ನಾಲ್ಕು ದಶಕಗಳಿಗೆ ಒಂದು ಶಾರ್ಕ್ ಅತ್ತಿತ್ತ ಹೋದರೂ ತಳಿಯ ಅಂತರ ಮಸುಕಾಗಿಬಿಡುತ್ತದೆ. ಬಲೆ ಹಾಕಿ ಬರಿದು ಮಾಡಿದ ಕೊಲ್ಲಿಯನ್ನು ಆ ಒಂದು ಶಾರ್ಕ್ ತುಂಬಿಸೀತೇ?

ಸಾಲದ್ದಕ್ಕೆ ಶಾರ್ಕುಗಳ ಡಿಎನ್‌ಎ ಬದಲಾಗುವುದೇ ನಿಧಾನ. 2023ರಲ್ಲಿ ಎಪಲೆಟ್ ಶಾರ್ಕಿನ ತಂದೆ, ತಾಯಿ, ಮರಿಗಳ ಜೀನೋಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, 100 ಕೋಟಿ ಡಿಎನ್‌ಎ ಅಕ್ಷರಗಳ ನಕಲಿಗೆ ಒಂದು ತಲೆಮಾರಿನಲ್ಲಿ ಒಂದು ತಪ್ಪೂ ಸರಾಸರಿ ಆಗುತ್ತಿರಲಿಲ್ಲ. ಆವರೆಗೆ ಅಳೆದ ಕಶೇರುಕಗಳಲ್ಲೆಲ್ಲ ಅದೇ ಅತಿ ಕಡಿಮೆ. ಇಂಥ ಪ್ರಾಣಿಯಲ್ಲಿ ಹೊಸ ಗುರುತುಗಳು ಮೂಡಲು ಬಹಳ ಕಾಲ ಬೇಕು. ನಮ್ಮ ಕಣ್ಣೆದುರು ಐವತ್ತು ವರ್ಷಗಳಲ್ಲಿ ನಡೆದ ಕುಸಿತ, ಅಂದರೆ 1970ರಿಂದೀಚೆಗೆ ತೆರೆದ ಸಾಗರದ ಶಾರ್ಕು ಮತ್ತು ತೊರಕೆಗಳ ಸಂಖ್ಯೆ ಶೇಕಡಾ 71ರಷ್ಟು ಇಳಿದದ್ದು, ಆ ಡಿಎನ್‌ಎಯಲ್ಲಿ ಇನ್ನೂ ಸರಿಯಾಗಿ ದಾಖಲಾಗಿಯೇ ಇಲ್ಲದಿರಬಹುದು.

ಈ ತೊಡಕಿನಿಂದ ಹೊರಬರುವ ಒಂದು ದಾರಿ ನನಗೆ ಬಹಳ ಇಷ್ಟ. ಬಳಗಗಳ ಅಂತರ ಅಳೆಯುವ ಬದಲು ನಂಟಸ್ತಿಕೆ ಹುಡುಕುವುದು. 100 ಮರಿಗಳ ಚರ್ಮದ ಚೂರು ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 4,950 ಜೋಡಿಗಳಾಗುತ್ತವೆ. ಕಡಲಿನಲ್ಲಿ 500 ತಾಯಂದಿರಿದ್ದು, ಎಲ್ಲರಿಗೂ ಸಮಾನ ಅವಕಾಶವಿದ್ದರೆ, ಯಾವುದೇ ಜೋಡಿಯ ತಾಯಿ ಒಬ್ಬಳೇ ಆಗಿರುವ ಸಾಧ್ಯತೆ ಐನೂರರಲ್ಲಿ ಒಂದು. ಅಂದರೆ ಸುಮಾರು ಹತ್ತು ಜೋಡಿ ಸಿಗಬೇಕು. ನೂರು ಜೋಡಿ ಸಿಕ್ಕರೆ ತಾಯಂದಿರು ಐವತ್ತೇ! ಒಂದೇ ಒಂದು ದೊಡ್ಡ ಶಾರ್ಕನ್ನೂ ಕಣ್ಣಿನಿಂದ ನೋಡದೆ ಎಣಿಕೆ ಮುಗಿಯಿತು. ಈ ವಿಧಾನದಿಂದ 2018ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಪ್ರಾಯದ ಬಿಳಿ ಶಾರ್ಕುಗಳು ಸುಮಾರು 750 ಇವೆ ಎಂಬ ಅಂದಾಜು ಬಂತು. 470ರಿಂದ 1,030ರವರೆಗೆ ಹಿಗ್ಗಬಹುದು, ಕುಗ್ಗಬಹುದು. ಶಾರ್ಕುಗಳು ವಿಪರೀತ ಹೆಚ್ಚಿವೆ, ನಾಶವಾಗುತ್ತಿವೆ ಎಂದು ಎರಡು ಕಡೆಯವರೂ ಕೂಗಾಡುತ್ತಿದ್ದಲ್ಲಿ ಒಂದು ಸಂಖ್ಯೆ ಬಂದು ಕುಳಿತಿತು.

ಆದರೆ ಒಂದೇ ಸೂಲಿನ ಮರಿಗಳು ಲೆಕ್ಕವನ್ನು ಕೆಡಿಸುತ್ತವೆ. ಅವು ಒಟ್ಟಿಗೇ ಇದ್ದು ಒಟ್ಟಿಗೇ ಸಿಕ್ಕಿಬೀಳುತ್ತವೆ. ಹೀಗಾಗಿ ಬೇರೆ ಬೇರೆ ವರ್ಷ ಹುಟ್ಟಿದ ಮರಿಗಳನ್ನೇ ಹೋಲಿಸಬೇಕು. ಅದರಿಂದ ಇನ್ನೊಂದು ಲಾಭವೂ ಇದೆ: ಹುಟ್ಟಿದ ವರ್ಷಗಳ ಅಂತರ ಹೆಚ್ಚಿದಂತೆ ಒಂದೇ ತಾಯಿಯ ಜೋಡಿಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದರಿಂದ ದೊಡ್ಡವುಗಳ ಸಾವಿನ ಪ್ರಮಾಣವೂ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಪ್ರಾಯದವುಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ವರ್ಷದಿಂದ ವರ್ಷಕ್ಕೆ ಬದುಕುಳಿಯುತ್ತವೆ ಎಂದು ಗೊತ್ತಾದದ್ದು ಹೀಗೆ.

ಇಷ್ಟಕ್ಕೆಲ್ಲ ಬೇಕಾದದ್ದು ಉಗುರಿನಷ್ಟು ರೆಕ್ಕೆಯ ಚೂರು, ಅದು ಮುಳುಗುವಷ್ಟು ಆಲ್ಕೋಹಾಲ್ ಇರುವ ಒಂದು ಪುಟ್ಟ ಕೊಳವೆ. ಜೊತೆಗೆ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಮೂರು ವಿಷಯ ಬರೆದಿರಬೇಕು: ಎಲ್ಲಿ ಸಿಕ್ಕಿತು, ಯಾವ ದಿನ, ಮರಿಯ ಉದ್ದ ಎಷ್ಟು. ಶಾಯಿಯಲ್ಲಿ ಬರೆದರೆ ಆಲ್ಕೋಹಾಲ್ ತೊಳೆದುಹಾಕುತ್ತದೆ. ಉದ್ದ ಗೊತ್ತಿಲ್ಲದಿದ್ದರೆ ವಯಸ್ಸು ಗೊತ್ತಾಗುವುದಿಲ್ಲ, ವಯಸ್ಸು ಗೊತ್ತಾಗದಿದ್ದರೆ ಹುಟ್ಟಿದ ವರ್ಷವಿಲ್ಲ, ಮೇಲಿನ ಗಣಿತ ಅಲ್ಲಿಗೇ ನಿಂತುಹೋಗುತ್ತದೆ. ದೋಣಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ, ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಖಾಲಿ ಕೊಳವೆಗಳನ್ನು ತಂದಿದ್ದೇನೆ.