ಬೇಡ ಅಂತ ಕತ್ತರಿಸಿದ್ದೇ ಬೇಕಾಗಿತ್ತು

ನಮಸ್ಕಾರ. ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆ ಅಂತ ನಾನೊಂದು ಪುಟ್ಟ ಮೊಬೈಲ್ ಆಪ್ ಮಾಡುತ್ತಿದ್ದೇನೆ. ಯಾವ ಸುತ್ತಿನಲ್ಲಿ ಏನಿದೆ, ಒನಕೆ ಓಬವ್ವನ ಕಿಂಡಿಗೆ ಯಾವ ಕಡೆಯಿಂದ ಹೋಗಬೇಕು, ಇಷ್ಟು ಹೇಳುವುದು ಅದರ ಕೆಲಸ. ಮೊದಲ ಪರದೆಯ ಹಿನ್ನೆಲೆಗೆ ಕೋಟೆಯೊಳಗಿನ ದೀಪಸ್ತಂಭದ ಫೋಟೋ ಹಾಕಿದ್ದೆ. ಅಕ್ಕಪಕ್ಕದ ಬಂಡೆ ಬೇಡ ಅಂತ ಎರಡೂ ಬದಿ ಕತ್ತರಿಸಿ, ನನ್ನ ಫೋನಿನ ಅಳತೆಗೆ ಸರಿಯಾಗಿ ಕೂರಿಸಿದ್ದೆ. ತುಂಬಾ ಚೆನ್ನಾಗಿತ್ತು. ಆಮೇಲೆ ದಾವಣಗೆರೆಗೆ ಹೋದಾಗ ಅಕ್ಕನ ಮಗನ ಟ್ಯಾಬ್ಲೆಟ್‌ನಲ್ಲಿ ತೆರೆದರೆ, ಅಷ್ಟು ಎತ್ತರದ ಕಂಬ ಕುಳ್ಳಗೆ, ದಪ್ಪಗೆ, ಗುರುತೇ ಸಿಗದ ಹಾಗಾಗಿತ್ತು.

ಪರದೆಗಳ ಆಕಾರವೇ ಬೇರೆ ಬೇರೆ, ಅಲ್ವಾ? ಈಗಿನ ಎಷ್ಟೋ ಫೋನುಗಳಲ್ಲಿ ಅಗಲ 9 ಪಾಲಾದರೆ ಎತ್ತರ 20 ಪಾಲು. ಸ್ವಲ್ಪ ಹಳೆಯವುಗಳಲ್ಲಿ 9ಕ್ಕೆ 16. ಆ ಟ್ಯಾಬ್ಲೆಟ್ 3ಕ್ಕೆ 4, ಅಂದರೆ 9ಕ್ಕೆ ಬರೀ 12. ಚಿತ್ರ ಪರದೆಯಲ್ಲಿ ಹೇಗೆ ಕೂರಬೇಕು ಅಂತ ಹೇಳಲು ಆಂಡ್ರಾಯ್ಡ್‌ನಲ್ಲಿ ಕೆಲವು ಆಯ್ಕೆಗಳಿವೆ, ನಾನು ಕೊಟ್ಟಿದ್ದು ಫಿಟ್‌ಎಕ್ಸ್‌ವೈ. ಅದು ಚಿತ್ರವನ್ನು ಹೇಗಾದರೂ ಎಳೆದು ಪರದೆ ತುಂಬಿಸುತ್ತದೆ, ಫ್ಲೆಕ್ಸ್‌ನಲ್ಲಿ ಜಾಗ ತುಂಬಲಿ ಅಂತ ಮುಖ ಎಳೆದು ಅಗಲ ಮಾಡಿರುತ್ತಾರಲ್ಲ, ಹಾಗೆ.

ಸರಿ, ಸೆಂಟರ್‌ಕ್ರಾಪ್ ಅಂತ ಬದಲಾಯಿಸಿದೆ. ಇದು ಚಿತ್ರದ ಆಕಾರ ಕೆಡಿಸುವುದಿಲ್ಲ, ಪರದೆ ತುಂಬುವಷ್ಟು ದೊಡ್ಡದು ಮಾಡಿ ಹೆಚ್ಚಾದದ್ದನ್ನು ಎರಡೂ ಕಡೆ ಸಮನಾಗಿ ಕತ್ತರಿಸುತ್ತದೆ. ಆದರೆ 9ಕ್ಕೆ 20 ಇರುವ ಚಿತ್ರವನ್ನು 9ಕ್ಕೆ 12ರ ಪರದೆಗೆ ಹಾಕಿದರೆ ಎತ್ತರದಲ್ಲಿ 8 ಪಾಲು ಹೋಗಬೇಕು, ಮೇಲೆ 4, ಕೆಳಗೆ 4. ಕಂಬದ ತುದಿಯೂ ಹೋಯಿತು, ಬುಡವೂ ಹೋಯಿತು.

ಆಗ ಹೊಳೆದದ್ದು ಕ್ಯಾಮೆರಾದ ಮೂಲ ಫೋಟೋ. ಅದು 3ಕ್ಕೆ 4ರದ್ದು. ಅದನ್ನೇ ಹಾಕಿದರೆ ಟ್ಯಾಬ್ಲೆಟ್‌ನಲ್ಲಿ ಪೂರ್ತಿ ಕಾಣುತ್ತದೆ, ಉದ್ದನೆ ಫೋನಿನಲ್ಲಿ ಎಡಕ್ಕೂ ಬಲಕ್ಕೂ ಐದರಲ್ಲೊಂದು ಪಾಲು ಹೋಗುತ್ತದೆ, ಆದರೆ ಹೋಗುವುದು ಬಂಡೆ ಮತ್ತು ಆಕಾಶ, ಕಂಬಕ್ಕೆ ಏನೂ ಆಗುವುದಿಲ್ಲ. ನಾನು ಬೇಡ ಅಂತ ಕತ್ತರಿಸಿದ್ದ ಜಾಗವೇ ಕಂಬವನ್ನು ಉಳಿಸಿತು. ಆಪ್ ಮಾಡುವವರು ದಯವಿಟ್ಟು ಮೂಲ ಫೋಟೋ ಅಳಿಸಬೇಡಿ. ಊರಿನ ಹೆಸರನ್ನು ಚಿತ್ರದ ಮೇಲೆಯೇ ಬರೆದು ಸೇರಿಸಬೇಡಿ, ಅಂಚಿನಲ್ಲಿದ್ದರೆ ಅಕ್ಷರವೂ ಕತ್ತರಿಸಿಹೋಗುತ್ತದೆ. ಅದನ್ನು ಬೇರೆ ಅಕ್ಷರವಾಗಿಯೇ ಇಡಿ.

ಇನ್ನೊಂದು ಮಾತು. ಫೈಲ್ ಚಿಕ್ಕದಿದೆ ಅಂತ ಸುಮ್ನೆ ಇರಬೇಡಿ. ತೆರೆದಾಗ ಚಿತ್ರದ ಒಂದೊಂದು ಚುಕ್ಕಿಗೆ (ಪಿಕ್ಸೆಲ್) ಸಾಮಾನ್ಯವಾಗಿ 4 ಬೈಟ್ ಮೆಮೊರಿ ಬೇಕು. 1800ಕ್ಕೆ 2400 ಚುಕ್ಕಿಯ ಚಿತ್ರ 1 ಕೋಟಿ 72 ಲಕ್ಷ ಬೈಟ್ ದಾಟುತ್ತದೆ. ಅದನ್ನು ಆಪ್‌ನ ಚಿತ್ರಗಳನ್ನಿಡುವ ಬರೀ ‘ಡ್ರಾಯಬಲ್’ ಅನ್ನುವ ಫೋಲ್ಡರಿನಲ್ಲಿಟ್ಟರೆ ಆಂಡ್ರಾಯ್ಡ್ ಅದನ್ನು ಇಂಚಿಗೆ 160 ಚುಕ್ಕಿಯ ಪರದೆಯದು ಅಂತ ತಿಳಿದು, ಇಂಚಿಗೆ 480 ಚುಕ್ಕಿಯ ಫೋನಿನಲ್ಲಿ ಅಗಲಕ್ಕೂ ಎತ್ತರಕ್ಕೂ 3 ಪಟ್ಟು ಹಿಗ್ಗಿಸುತ್ತದೆ. ಮೆಮೊರಿ 9 ಪಟ್ಟು! ಆಪ್ ತಟ್ಟನೆ ಮುಚ್ಚಿಹೋಗುವುದು ಇಂಥ ಕಡೆಯೇ ಜಾಸ್ತಿ. ಡ್ರಾಯಬಲ್-ನೋಡಿಪಿಐ ಅನ್ನುವ ಫೋಲ್ಡರಿನಲ್ಲಿಡಿ, ಹಿಗ್ಗಿಸದೆ ಇದ್ದ ಹಾಗೇ ತೆಗೆದುಕೊಳ್ಳುತ್ತದೆ.

ಟ್ಯಾಬ್ಲೆಟ್ ಅಡ್ಡ ಹಿಡಿದರೆ ಮಾತ್ರ ಈ ಕಂಬದ ಫೋಟೋ ಹೇಗೂ ಒಗ್ಗುವುದಿಲ್ಲ. ಅದಕ್ಕೆ ಮೊನ್ನೆ ಬೆಳಿಗ್ಗೆ ಕೋಟೆ ಹತ್ತಿ, ಉಯ್ಯಾಲೆ ಕಂಬದ್ದು ಅಡ್ಡ ಫೋಟೋ ತೆಗೆದುಕೊಂಡು ಬಂದೆ. ಸಾಕಷ್ಟು ಹಿಂದೆ ನಿಂತು, ಸುತ್ತ ಜಾಗ ಬಿಟ್ಟು.